ದುಂದುಗಾರನ ಶನಿವಾರ

ಬಾಗಿಲ ಪಕ್ಕದ ಬುಟ್ಟಿಯಲ್ಲಿ ಬಂದವರಿಗೆಂದು ಇಟ್ಟಿರುವ ಮನೆಚಪ್ಪಲಿಗಳಲ್ಲಿ ದೊಡ್ಡ ಜೋಡಿಯೊಂದನ್ನು ಆರಿಸಿ ತೆಗೆದೆ. ಒದ್ದೆ ಬಟ್ಟೆಯಿಂದ ಅಟ್ಟೆ ಒರೆಸಿದೆ. ಒಳಗೆ ಕೈ ಹಾಕಿ ನೂಲಿನ ಉಂಡೆ, ಬೆಕ್ಕಿನ ಕೂದಲು ತೆಗೆದೆ. ಎಡಗಾಲಿನದರ ಹೊಲಿಗೆ ಬಿಚ್ಚಿತ್ತು. ದಪ್ಪ ದಾರ ಪೋಣಿಸಿ ಹೊಲಿದು ತುದಿಯನ್ನು ಹಲ್ಲಿನಿಂದ ಕಡಿದೆ. ದೊಡ್ಡಮ್ಮ ಒಲೆಯ ಮುಂದೆ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಯಾರಿಗೆ ಎಂದು ಅವಳು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಜೋಡಿಯನ್ನು ಹೊಸ್ತಿಲ ಒಳಗೆ, ಮೂತಿ ಮನೆಯ ಕಡೆಗೆ ಮಾಡಿ ಇಟ್ಟೆ.

ಅಷ್ಟರಲ್ಲಿ ದೊಡ್ಡಪ್ಪ ಸೆವೆರಿನ್ ಬಂದು ಕಿಟಕಿಯ ಬದಿಯ ತಮ್ಮ ಕುರ್ಚಿಯಲ್ಲಿ ಕೂತು ಕನ್ನಡಕ ಏರಿಸಿದರು. ಇಗರ್ಜಿಯಿಂದ ತಿಂಗಳಿಗೊಮ್ಮೆ ತರುವ ಪುಟ್ಟ ಪುಸ್ತಕ ತೆರೆದರು. ಅದರಲ್ಲಿ ದಿನಕ್ಕೊಂದು ಪುಟ. ಆ ದಿನದ ಪೂಜೆಯಲ್ಲಿ ಲೋಕದ ಎಲ್ಲ ಇಗರ್ಜಿಗಳಲ್ಲೂ ಓದುವ ಬೈಬಲಿನ ಭಾಗ ಅಲ್ಲಿರುತ್ತದೆ. ಲೋಕದ ಉಳಿದವರು ಅದನ್ನು ಕೇಳಿಸಿಕೊಂಡು ಮನೆಗೆ ಹೋಗುತ್ತಾರೆ. ನಮ್ಮ ಮನೆಯಲ್ಲಿ ಅದನ್ನು ಮಾಡಬೇಕು.

ಇದು ಶುರುವಾದದ್ದು ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ಒಂದು ತಪಸ್ಸಿನ ಕಾಲದಲ್ಲಿ. ಪ್ರವಚನಕ್ಕೆಂದು ಹೊರಗಿನಿಂದ ಬಂದಿದ್ದ ಪಾದ್ರಿಯೊಬ್ಬರು, ಬೆಳಿಗ್ಗೆ ಓದಿದ್ದನ್ನು ಸಂಜೆಯೊಳಗೆ ಮನೆಯಲ್ಲೋ ಕೆಲಸದಲ್ಲೋ ನಡೆಸದಿದ್ದರೆ ಅದು ತಿನ್ನದೆ ಒಣಗಿಸಿದ ಬ್ರೆಡ್ಡು ಎಂದರು. ಜನ ತಲೆದೂಗಿದರು, ಮನೆಗೆ ಹೋಗಿ ಮರೆತರು. ದೊಡ್ಡಪ್ಪ ಬ್ರೆಡ್ಡು ಎಸೆಯುವವರಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಬೆಳಗಿನ ತಿಂಡಿಯೆಂದರೆ ಅವರು ಓದುವುದು, ಆಮೇಲೆ ಒಬ್ಬೊಬ್ಬರಾಗಿ ಇವತ್ತು ಇದನ್ನು ಹೇಗೆ ನಡೆಸುತ್ತೇನೆ ಎಂದು ಹೇಳುವುದು. ಎದ್ದು ನಿಂತು ಉತ್ತರ ಹೇಳಬೇಕಾಗುತ್ತದೆಂದೇ ನಾನು ಶಾಲೆಯನ್ನು ಬೇಗ ಬಿಟ್ಟವಳು. ಆ ಪ್ರಶ್ನೆ ನನ್ನ ಹಿಂದೆಯೇ ಅಡುಗೆಮನೆಗೆ ಬಂದು ಕೂತಿತು. ನನ್ನ ಉತ್ತರ ಯಾವಾಗಲೂ ಒಂದೇ: "ದೊಡ್ಡಮ್ಮ ಹೇಳಿದ್ದೇ."

ಸ್ವಾಮಿ ತಮ್ಮ ಶಿಷ್ಯರ ಪಾದ ತೊಳೆದ ಗುರುವಾರ ದೊಡ್ಡಪ್ಪ ಬಕೆಟ್ಟು, ಟವೆಲು ಹಿಡಿದು ಅಣಬೆಯ ಶೆಡ್ಡಿಗೆ ಹೋದರು. ಕೀಳುವ ಕೆಲಸಕ್ಕೆ ಬರುತ್ತಿದ್ದ ಇಬ್ಬರು ಹೆಂಗಸರ ಮುಂದೆ ಮಂಡಿಯೂರಿ ಬೂಟು ಬಿಚ್ಚಿ ಎಂದರು. ಅವರು ಮರುದಿನದಿಂದ ಪಕ್ಕದೂರಿನ ಶೆಡ್ಡಿಗೆ ಹೋಗತೊಡಗಿದರು. ಮಾರ್ತ, ಮರಿಯ ಅಕ್ಕತಂಗಿಯರ ದಿನ ದೊಡ್ಡಮ್ಮ ಗೆನೊವೆಫಾ ಕಾಲು ಚಾಚಿ ಕೂತುಬಿಡುತ್ತಾಳೆ. ಅಡುಗೆ ಮಾಡುತ್ತಾ ಓಡಾಡಿದ ಮಾರ್ತಳಿಗಿಂತ ಸುಮ್ಮನೆ ಕೂತ ಮರಿಯಳೇ ಜಾಣೆ ಎಂದು ಸ್ವಾಮಿಯೇ ಹೇಳಿದ್ದಾರಲ್ಲ! ಅವತ್ತು ದೊಡ್ಡಪ್ಪನಿಗೆ ತಣ್ಣನೆಯ ಆಲೂಗಡ್ಡೆ. ಇನ್ನೊಂದು ಕೆನ್ನೆ ತೋರಿಸುವ ದಿನಕ್ಕಂತೂ ಅವಳು ವರ್ಷವಿಡೀ ಕಾಯುತ್ತಾಳೆ. ಒಟ್ಟಿನಲ್ಲಿ ನಾನು ಕಂಡುಕೊಂಡದ್ದಿಷ್ಟು: ನಮ್ಮ ಮನೆಯಲ್ಲಿ ದೇವರ ವಾಕ್ಯ ಯಾವತ್ತೂ ಪಕ್ಕದವರಿಗೆ ಹೇಳಿದ್ದು.

ಊರಿಗೂ ಇದು ಗೊತ್ತು. ಎದುರುಮನೆಯ ಪಂಕ್ರಾತ್ಸಿ ತಾನೂ ಒಂದು ಪುಸ್ತಕ ತರಿಸಿಕೊಳ್ಳುತ್ತಾನೆ. ಭಕ್ತಿಗಲ್ಲ, ನಮ್ಮ ಮನೆಗೆ ಯಾವತ್ತು ಏನು ಕೇಳಲು ಬರಬಹುದೆಂದು ತಿಳಿಯಲು. ಕೊಡಿರಿ, ನಿಮಗೂ ಕೊಡಲಾಗುವುದು, ಒತ್ತಿ ಕುಲುಕಿ ಹೊರಚೆಲ್ಲುವಷ್ಟು ಅಳತೆಯಲ್ಲಿ ಕೊಡಲಾಗುವುದು ಎನ್ನುವ ಭಾಗ ಈ ವಾರದ ಸೋಮವಾರ ಬಂದಿತ್ತು. ದೊಡ್ಡಪ್ಪ ಓದಿ ಮುಗಿಸುವ ಹೊತ್ತಿಗೆ ಪಂಕ್ರಾತ್ಸಿ ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿದ್ದ. ನಮ್ಮ ಟ್ರೈಲರು ತೆಗೆದುಕೊಂಡು ಹೋದವನು ಇನ್ನೂ ತಂದಿರಲಿಲ್ಲ.

ಯಾರಿಗೂ ಲಾಭವಿಲ್ಲದ ದಿನಗಳೂ ಇವೆ. ತಪಸ್ಸಿನ ಮೂರನೆಯ ವಾರದ ಬುಧವಾರ, ಧರ್ಮಶಾಸ್ತ್ರದ ಒಂದು ಚುಕ್ಕೆಯೂ ಅಳಿದುಹೋಗದು ಎಂದು ಓದುತ್ತಾರೆ. ಅಷ್ಟೇ. ಕೊಡುವುದಿಲ್ಲ, ಕ್ಷಮಿಸುವುದಿಲ್ಲ. ಅವತ್ತು ಪಂಕ್ರಾತ್ಸಿ ನಮ್ಮ ಗೇಟಿನ ಕಡೆ ತಿರುಗಿಯೂ ನೋಡುವುದಿಲ್ಲ. ನನಗೆ ಆ ದಿನವೇ ಇಷ್ಟ. ಅವತ್ತು ಯಾರಾದರೂ ಬಂದರೆ ಸುಮ್ಮನೆ ಬಂದಿರುತ್ತಾರೆ.

ಈ ಬೆಳಿಗ್ಗೆ ದೊಡ್ಡಪ್ಪ ಓದಿದ್ದು ದುಂದುಗಾರ ಮಗನ ಕತೆ. ಅಪ್ಪನಿಗೆ ಇಬ್ಬರು ಮಕ್ಕಳು. ಕಿರಿಯವನು ಪಾಲು ಕೇಳಿ ತೆಗೆದುಕೊಂಡು ದೂರದೇಶಕ್ಕೆ ಹೋಗಿ ಕುಡಿದು ತಿಂದು ಎಲ್ಲ ಕಳೆದು, ಹಂದಿ ಮೇಯಿಸಿ, ಹೊಟ್ಟೆಗಿಲ್ಲದಾದಾಗ ಮನೆ ನೆನಪಾಗಿ ಬರುತ್ತಾನೆ. ಅಪ್ಪ ದೂರದಿಂದಲೇ ಕಂಡು ಓಡಿಹೋಗಿ ತಬ್ಬುತ್ತಾನೆ. ಒಳ್ಳೆಯ ನಿಲುವಂಗಿ, ಬೆರಳಿಗೆ ಉಂಗುರ, ಕಾಲಿಗೆ ಜೋಡು, ಊಟಕ್ಕೆ ಕೊಬ್ಬಿದ ಕರು. ದಿನವೂ ಹೊಲದಲ್ಲಿ ದುಡಿದ ಹಿರಿಯವನು ಮುಖ ಊದಿಸಿಕೊಂಡು ಹೊರಗೆ ನಿಲ್ಲುತ್ತಾನೆ.

ಈ ಕತೆ ನಮ್ಮ ಮನೆಯಲ್ಲಿ ಬೇರೆಯವರ ಕತೆಯಲ್ಲ. ದೊಡ್ಡಪ್ಪ ಹಿರಿಯವರು. ಕಿರಿಯವನು ನನ್ನ ಅಪ್ಪ, ಲುದೊಮಿರ್; ಮನೆಯವರ ಬಾಯಲ್ಲಿ ಲುದೆಕ್. ಅಮ್ಮ ತೀರಿಕೊಂಡ ಮೇಲೆ ಅವನು ನನ್ನನ್ನು ಈ ಅಡುಗೆಮನೆಯಲ್ಲಿ ಕೂರಿಸಿ "ಎರಡು ವಾರ" ಎಂದು ಹೇಳಿ, ದೊಡ್ಡಪ್ಪನ ಅಣಬೆಯ ವ್ಯಾನಿನಲ್ಲಿ ಆಸ್ಟ್ರಿಯಾಕ್ಕೆ ಹೋದ. ಆಗ ನಾನು ಎರಡನೆಯ ತರಗತಿ. ವ್ಯಾನನ್ನು ಅಲ್ಲಿ ಮಾರಿದನೆಂದು ಆಮೇಲೆ ತಿಳಿಯಿತು. ದುಂದುಗಾರ ಮಗನಿಗೆ ಒಬ್ಬಳು ಮಗಳಿದ್ದಳೇ, ಅವನು ಹಂದಿ ಮೇಯಿಸುವಾಗ ಅವಳಿಗೆ ಯಾರು ಉಣ್ಣಲು ಕೊಟ್ಟರು ಎಂಬುದನ್ನು ಬೈಬಲು ಹೇಳುವುದಿಲ್ಲ. ನಾನು ಹುಡುಕಿದ್ದೇನೆ.

ಪುಸ್ತಕ ಮಡಚಿ ದೊಡ್ಡಪ್ಪ ಪ್ರತಿವರ್ಷದ ಮಾತನ್ನೇ ಹೇಳಿದರು. "ನಮ್ಮಪ್ಪ ಇಲ್ಲ. ಅಪ್ಪನ ಜಾಗದಲ್ಲಿ ನಾನಿದೀನಿ. ಇವತ್ತು ಲುದೆಕ್ ಬಂದ್ರೆ ದೇವರಾಣೆಗೂ ನಾನೇ ಗೇಟಿಗೆ ಓಡ್ಹೋಗಿ ತಬ್ಕೋತೀನಿ. ಬರ್ಲಿಲ್ಲ. ನಾನೇನ್ ಮಾಡ್ಲಿ?"

"ಬೆಳಿಗ್ಗೆ ಏಳು ಗಂಟೆ ಕಣ್ರೀ," ಎಂದಳು ದೊಡ್ಡಮ್ಮ. "ಬರ್ಲಿಲ್ಲ ಅಂತ ಈಗ್ಲೇ ಹೇಳಿದ್ರೆ ಹೇಗೆ?"

"ಅವನು ಯಾವತ್ತು ಹೇಳಿದ್ ಹೊತ್ತಿಗೆ ಬಂದಿದಾನೆ? ನಿಂದು ಹೇಳು."

"ನಂದೇನು, ಕರು ಬೇಯಿಸೋಕೆ ನಾನ್ ರೆಡಿ. ಕರು ಎಲ್ಲಿ? ನಲವತ್ತು ದಿನ ಮಾಂಸ ಬೇಡ ಅಂದವ್ರು ನೀವು."

"ತಿಲ್ಕಾ, ನೀನು?"

"ದೊಡ್ಡಮ್ಮ ಹೇಳಿದ್ದೇ," ಎಂದೆ. ಆದರೆ ಕಿವಿ ಬಿಸಿಯಾಯಿತು. ಯಾಕೆಂದರೆ ಈ ವರ್ಷ ಅವನು ಬರುವವನಿದ್ದ. ಕರೆದವಳು ನಾನೇ.

ಡಿಸೆಂಬರಿನಲ್ಲಿ ನನ್ನ ಹೆಸರಿನ ಸಂತಳ ಹಬ್ಬದ ದಿನ ಅಪ್ಪ ಫೋನ್ ಮಾಡುತ್ತಾನೆ. ಹೇಗಿದೀಯ, ಚೆನ್ನಾಗಿದೀನಿ, ಅಷ್ಟೇ. ಈ ಸಲ ನಾನು ಶೆಡ್ಡಿನ ಹಿಂದೆ ನಿಂತು, ದುಂದುಗಾರನ ಶನಿವಾರ ಬಾ ಎಂದೆ.

"ಅಣ್ಣ ಇನ್ನೂ ಆ ನಾಟಕ ಬಿಟ್ಟಿಲ್ವಾ?"

"ಇಲ್ಲ. ಓದಿದ್ದನ್ನ ಮಾಡ್ಲೇಬೇಕು. ಅವತ್ತು ಬಂದ್ರೆ ನಿನ್ನ ಸೇರಿಸ್ಕೋಬೇಕು. ಊರವರ ಮುಂದೆ ಆಣೆ ಹಾಕಿದಾರೆ."

"ಮಾಡ್ಲೇಬೇಕಾ?" ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ ಕೇಳಿದ, "ಅದರ ಮುಂದಿನ ದಿನಗಳಲ್ಲಿ ಏನೇನಿದೆ?"

ತಪಸ್ಸಿನ ಕಾಲದಲ್ಲಿ ವಾರದ ದಿನಗಳ ವಾಚನ ಪ್ರತಿವರ್ಷವೂ ಅದೇ, ನನಗೆ ಬಾಯಿಪಾಠ. ಭಾನುವಾರದ್ದು ಮಾತ್ರ ಮೂರು ವರ್ಷಕ್ಕೊಮ್ಮೆ ಸುತ್ತಿ ಬರುತ್ತದೆ. ಭಾನುವಾರದ್ದು, ಸೋಮವಾರದ್ದು, ಮಂಗಳವಾರದ್ದು, ಹೀಗೆ ಇಡೀ ವಾರದ್ದು ಹೇಳಿದೆ. ಅಪ್ಪ ನನ್ನ ಜೊತೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಬೇಕಿದ್ದರೆ ಈಸ್ಟರಿನವರೆಗೂ ಹೇಳುತ್ತಿದ್ದೆ.

"ಆದ್ರೆ ಸಂಜೆ ಗಂಟೆ ಹೊಡೆಯೋಕೆ ಮುಂಚೆ ಬರ್ಬೇಕು ಅಪ್ಪಾ. ಗಂಟೆ ಹೊಡೆದ್ರೆ ನಮ್ಮನೇಲಿ ಭಾನುವಾರ."

ಅದು ದೊಡ್ಡಪ್ಪನೇ ಮಾಡಿದ ಕಾನೂನು. ಶನಿವಾರ ಸಂಜೆಯ ಪೂಜೆ ಲೆಕ್ಕಕ್ಕೆ ಭಾನುವಾರದ್ದು. ಅದಕ್ಕೆ ಹೋಗಿಬಂದರೆ ಭಾನುವಾರ ಬೆಳಿಗ್ಗೆ ಸಗಟು ಮಾರುಕಟ್ಟೆಗೆ ಅಣಬೆ ಒಯ್ಯಬಹುದು. ಹಾಗಾಗಿ ಶನಿವಾರ ಸಂಜೆ ಇಗರ್ಜಿಯ ಮೊದಲ ಗಂಟೆ ಹೊಡೆದರೆ ದೊಡ್ಡಪ್ಪನಿಗೆ ಭಾನುವಾರ ಹುಟ್ಟಿತು, ಶನಿವಾರದ ವಾಕ್ಯ ಸತ್ತಿತು. ಈ ವರ್ಷದ ಭಾನುವಾರದ್ದು, ಸ್ವಾಮಿ ಹಗ್ಗದ ಚಾವಟಿ ಮಾಡಿ ದೇವಾಲಯದಿಂದ ವ್ಯಾಪಾರಿಗಳನ್ನು ಹೊಡೆದೋಡಿಸುವ ಭಾಗ. ಅದನ್ನೂ ಅಪ್ಪನಿಗೆ ಹೇಳಿದ್ದೆ. "ಮಧ್ಯಾಹ್ನಕ್ಕೆ ಅಲ್ಲಿರ್ತೀನಿ," ಎಂದಿದ್ದ.

ಮಧ್ಯಾಹ್ನದ ಬಸ್ಸು ವೋಶಿತ್ಸೆ ಪೇಟೆಯಿಂದ ಬಂತು. ಶೆಡ್ಡಿನ ಬಾಗಿಲು ಒಂದಿಷ್ಟು ತೆರೆದಿಟ್ಟುಕೊಂಡು ನಾನು ಅಣಬೆ ಕೀಳುತ್ತಿದ್ದೆ. ತಿರುವಬೇಕು, ಎಳೆಯಬಾರದು. ಬುಡ ಕತ್ತರಿಸಿ, ಟೋಪಿ ಮೇಲಾಗಿ ಪೆಟ್ಟಿಗೆಯಲ್ಲಿ ಕೂರಿಸಬೇಕು. ಬಸ್ಸಿನಿಂದ ಇಬ್ಬರು ಮುದುಕಿಯರು ಇಳಿದರು. ಮುಂದಿನ ಬಸ್ಸಿನಿಂದ ಒಂದು ಸೈಕಲ್ಲು ಮತ್ತು ಅದರ ಯಜಮಾನ. ಬಾಗಿಲು ತೆರೆದಿಟ್ಟಿದ್ದಕ್ಕೆ ದೊಡ್ಡಪ್ಪ ಎರಡು ಸಲ ಬೈದರು, "ಅಣಬೆಗೆ ಬೆಳಕು ಬೇಡ ಕಣೇ, ನಿಂಗ್ಯಾಕ್ ಬೇಕು?" ಸಂಜೆಯ ಕೊನೆಯ ಬಸ್ಸು ನಿಲ್ಲಲೇ ಇಲ್ಲ.

ಕೈ ತೊಳೆದು, ಒಳ್ಳೆಯ ಕೋಟು ಹಾಕಿಕೊಂಡು, ಪೂಜೆಗೆ ಹೊರಟು ಗೇಟಿನ ಹತ್ತಿರ ಬಂದೆವು. ದೊಡ್ಡಪ್ಪ ಒಂದು ಪೆಟ್ಟಿಗೆಗೆ ಸುತ್ತಿ ಮಿಕ್ಕಿದ್ದ ಹಗ್ಗವನ್ನು ಕೈಯಲ್ಲೇ ಹಿಡಿದುಕೊಂಡು ಬಂದಿದ್ದರು. ಆಗ ಗಂಟೆ ಹೊಡೆಯಿತು. ನಾನು ಒಂದೊಂದು ಬಡಿತವನ್ನೂ ಕೇಳಿದೆ. ಕೊನೆಯದು ಗಾಳಿಯಲ್ಲಿ ಇನ್ನೂ ಗುಂಯ್ಗುಡುತ್ತಿರುವಾಗ ಬೀದಿಯ ತಿರುವಿನಲ್ಲಿ ಪಂಕ್ರಾತ್ಸಿಯ ಟ್ರ್ಯಾಕ್ಟರು ಕಾಣಿಸಿತು. ಹಿಂದೆ ನಮ್ಮ ಟ್ರೈಲರು. ಟ್ರೈಲರಿನಲ್ಲಿ ಆಲೂಗಡ್ಡೆ ಮೂಟೆಗಳ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಅಪ್ಪ.

ಪಂಕ್ರಾತ್ಸಿ ಇಂಜಿನ್ ಆರಿಸಿದ. "ಸೆವೆರಿನಣ್ಣಾ, ಕೊಟ್ಟಿದ್ದು ಒತ್ತಿ ಕುಲುಕಿ ಹೊರಚೆಲ್ಲೋ ಅಷ್ಟು ವಾಪಸ್ ಬರುತ್ತೆ ಅಂತ ಸೋಮವಾರ ಓದಿದ್ರಲ್ಲ! ತಗೊಳ್ಳಿ. ನಿಮ್ಮ ಟ್ರೈಲರು. ದಾರಿಯುದ್ದ ಕುಲುಕ್ಕೊಂಡೇ ತಂದೆ."

ಯಾರೂ ನಗಲಿಲ್ಲ. ಅಪ್ಪ ಇಳಿದ. ಕೂದಲು ಹಿಂದೆ ಸರಿದಿತ್ತು, ಹೊಟ್ಟೆ ಮುಂದೆ ಬಂದಿತ್ತು. ಗೇಟಿನ ಪಕ್ಕ ಅಂಗಳದಲ್ಲಿ ದೊಡ್ಡಪ್ಪನ ಹೊಸ ವ್ಯಾನು ನಿಂತಿತ್ತು. ಅಪ್ಪ ನಮ್ಮ ಕಡೆ ಬರುವ ಮೊದಲು ಅದರ ಟೈರನ್ನು ಬೂಟಿನ ಮೂತಿಯಿಂದ ಒಮ್ಮೆ ಒದ್ದು ನೋಡಿದ. ಆಮೇಲೆ ಎರಡೂ ಕೈ ಅಗಲಿಸಿದ.

"ಅಣ್ಣಾ! ನಾನು ಪರಲೋಕಕ್ಕೂ ನಿನಗೂ ವಿರೋಧವಾಗಿ ಪಾಪ ಮಾಡಿದೀನಿ..."

"ನಿಲ್ಸು," ಎಂದರು ದೊಡ್ಡಪ್ಪ.

"ರೀ, ಓಡ್ತೀನಿ ಅಂದಿದ್ರಲ್ಲ, ಓಡಿ," ಎಂದಳು ದೊಡ್ಡಮ್ಮ.

"ಗೇಟಲ್ಲೇ ನಿಂತಿದೀನಲ್ಲೇ, ಎಲ್ಲಿಗ್ ಓಡ್ಲಿ?" ದೊಡ್ಡಪ್ಪ ಅಪ್ಪನ ಕಡೆ ತಿರುಗಿದರು. "ಗಂಟೆ ಹೊಡೀತು ಕಣೋ ಲುದೆಕ್. ಶನಿವಾರ ಮುಗೀತು."

"ಎಲ್ಲಿ ಮುಗೀತು? ಸೂರ್ಯ ಇನ್ನೂ ಕಾಣ್ತಿದಾನೆ."

"ಗಂಟೆ ಆದ್ಮೇಲೆ ಭಾನುವಾರ. ಭಾನುವಾರದ್ದು ಏನು ಅಂತ ಗೊತ್ತಾ?" ಹೇಳುತ್ತಾ ಹೇಳುತ್ತಾ ದೊಡ್ಡಪ್ಪ ತಮ್ಮ ಕೈಯಲ್ಲಿದ್ದ ಹಗ್ಗವನ್ನು ತಾವೇ ನೋಡಿಕೊಂಡರು. ಎಲ್ಲರೂ ನೋಡಿದರು.

ಅಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಭಾನುವಾರ ಆಗಿದ್ರೆ ಅಂಗಡಿ ಮುಚ್ಚಿರ್ಬೇಕಿತ್ತು, ಅಲ್ವಾ? ಸರ್ಕಾರದ ಕಾನೂನು. ಈಗ ತಾನೇ ಅಲ್ಲಿ ಸಿಗರೇಟ್ ತಗೊಂಡ್ ಬಂದೆ. ಪಂಕ್ರಾತ್ಸಿ, ಹೇಳೋ."

"ಬಿಯರೂ ತಗೊಂಡ್ವಿ," ಎಂದ ಪಂಕ್ರಾತ್ಸಿ. ಗಂಟೆಗೆ ತಡವಾದದ್ದು ಎಲ್ಲಿ ಎಂದು ನನಗೆ ಆಗ ತಿಳಿಯಿತು.

ಅಪ್ಪ ನನ್ನನ್ನು ನೋಡಿದ್ದು ಆಮೇಲೆ. "ತಿಲ್ಕಾ! ಎಷ್ಟು ಉದ್ದ ಆಗಿದೀಯೇ!" ಎಂದು ಚೀಲದಿಂದ ಚಾಕಲೇಟು ತೆಗೆದು ಕೊಟ್ಟ. ಕೆಂಪು ಕಾಗದ ಸುತ್ತಿದ ಸಂತ ನಿಕೋಲಾಸನ ಬೊಂಬೆ, ಡಿಸೆಂಬರಿನ ಹಬ್ಬಕ್ಕೆ ಮಾರುವಂಥದ್ದು. ಟ್ರೈಲರಿನಲ್ಲಿ ಕುತ್ತಿಗೆ ಮುರಿದು, ತಲೆ ಕಾಗದದೊಳಗೇ ಅಲುಗಾಡುತ್ತಿತ್ತು.

"ಫಾದರನ್ನೇ ಕೇಳೋಣ," ಎಂದರು ದೊಡ್ಡಪ್ಪ. ಹಗ್ಗವನ್ನು ಕೋಟಿನ ಜೇಬಿಗೆ ತುರುಕಿ ಮುಂದೆ ನಡೆದರು. ಅಪ್ಪ ಹಿಂದೆ, ನಾವು ಅವನ ಹಿಂದೆ. ನಮ್ಮೆಲ್ಲರ ಹಿಂದೆ, ವರ್ಷದಲ್ಲಿ ಎರಡು ಸಲ ಮಾತ್ರ ಇಗರ್ಜಿಗೆ ಬರುವ ಪಂಕ್ರಾತ್ಸಿ.

ಫಾದರ್ ಹಿಯೆರೊನಿಮ್ ಇಗರ್ಜಿಯ ಹಿಂದಿನ ಕೋಣೆಯಲ್ಲಿ ನೇರಳೆ ಮೇಲಂಗಿಯೊಳಗೆ ತಲೆ ತೂರಿಸುತ್ತಿದ್ದರು. ತಲೆ ಹೊರಬಂದಾಗ ಎದುರಿಗೆ ನಾವು ಐದು ಜನ. "ಏನ್ರೀ? ಯಾರಾದ್ರೂ ಸಾಯ್ತಿದಾರಾ?"

"ಇಲ್ಲ ಫಾದರ್," ಎಂದರು ದೊಡ್ಡಪ್ಪ. "ಇವತ್ತು ಶನಿವಾರನೋ ಭಾನುವಾರನೋ?"

ಫಾದರ್ ಹತ್ತಿರ ಬಂದು ಮೂಸಿದರು. "ಕುಡಿದಿದೀರಾ?"

"ತಪಸ್ಸಿನ ಕಾಲ ಫಾದರ್!"

"ಅದಕ್ಕೇ ಕೇಳ್ದೆ. ಈ ಕಾಲದಲ್ಲೇ ಜಾಸ್ತಿ." ಪಂಕ್ರಾತ್ಸಿ ಮೆಲ್ಲಗೆ ಬಾಗಿಲ ಹಿಂದೆ ಸರಿದ. "ನಾನೀಗ ಹೇಳೋದು ಭಾನುವಾರದ ಪೂಜೆ. ನನಗೆ ಭಾನುವಾರ."

"ಮನೆಗಳಿಗೆ, ಫಾದರ್?" ಎಂದ ಅಪ್ಪ. "ಮನೆಯೊಳಗೆ ಶನಿವಾರ ರಾತ್ರಿ ಹನ್ನೆರಡರ ತನಕ ಇರುತ್ತಲ್ವಾ?"

"ಮನೆಯೊಳಗೆ ನಿಮಗೆ ಯಾವ ವಾರ ಬೇಕೋ ಅದನ್ನಿಟ್ಕೊಳ್ಳಿ. ನನ್ನ ಕಾಲ ಮೇಲಿಂದ ಜರುಗಿ."

ಇಬ್ಬರೂ ಗೆದ್ದವರಂತೆ ಹೊರಬಂದರು.

ನಮ್ಮ ಬೆಂಚಿನಲ್ಲಿ ಯಾವಾಗಲೂ ಜಾಗ ಇರುತ್ತದೆ. ಅಣಬೆ ಬೆಳೆಯುವುದು ಕೋಳಿಗೊಬ್ಬರ ಮತ್ತು ಕೊಳೆತ ಹುಲ್ಲಿನಲ್ಲಿ, ಎಷ್ಟು ಸಾಬೂನು ಹಾಕಿದರೂ ಕೋಟಿನ ಕಾಲರಿನಿಂದ ಅದು ಹೋಗುವುದಿಲ್ಲ. ಅಪ್ಪ ಬಂದು ಅಣ್ಣನ ಪಕ್ಕದಲ್ಲೇ ಕೂತ. ಮೂಗರಳಿಸಿದ. "ಅಬ್ಬಾ, ಮನೆಗ್ ಬಂದ ಹಾಗಾಯ್ತು," ಎಂದ, ಮೂರು ಬೆಂಚಿನವರಿಗೆ ಕೇಳುವಂತೆ. ಫಾದರ್ ಚಾವಟಿಯ ಭಾಗ ಓದಿದರು. ದನ, ಕುರಿ, ಪಾರಿವಾಳ ಮಾರುವವರನ್ನೆಲ್ಲ ಹೊರಗಟ್ಟಿ, ಮೇಜು ಮಗುಚಿ, ನನ್ನ ಪಿತನ ಮನೆಯನ್ನು ಸಂತೆ ಮಾಡಬೇಡಿ ಎಂದು ಸ್ವಾಮಿ ಗದರುವಾಗ ಇಡೀ ಇಗರ್ಜಿ ಹಿಂದೆ ತಿರುಗಿ ಅಪ್ಪನನ್ನು ನೋಡಿತು. ಅಪ್ಪ ತಲೆಯಾಡಿಸುತ್ತಾ ಕೇಳುತ್ತಿದ್ದ. ಹಳೆಯ ಪಾಠ ಒಪ್ಪಿಸುವ ಹುಡುಗನ ಹಾಗೆ ಅವನ ತುಟಿ ಅಲುಗುತ್ತಿತ್ತು. ಆ ಪಾಠವನ್ನು ಫೋನಿನಲ್ಲಿ ಹೇಳಿಕೊಟ್ಟವಳು ನಾನು.

ಪೂಜೆ ಮುಗಿದು ಮೆಟ್ಟಿಲಿಗೆ ಬಂದರೆ ಯಾರೂ ಮನೆಗೆ ಹೋಗಿರಲಿಲ್ಲ. ಕೋಟಿನ ಗುಂಡಿ ಹಾಕುವ ನೆಪದಲ್ಲಿ, ಕೈಗವಸು ಹುಡುಕುವ ನೆಪದಲ್ಲಿ ಎಲ್ಲರೂ ನಿಂತಿದ್ದರು.

"ಕೇಳಿದ್ಯಲ್ಲ?" ಎಂದರು ದೊಡ್ಡಪ್ಪ. "ನಾನ್ ಹೇಳಿದ್ದಲ್ಲ, ಸ್ವಾಮಿ ಹೇಳಿದ್ದು. ಹೊರಡು."

"ಕೇಳ್ದೆ ಅಣ್ಣಾ. ಚೆನ್ನಾಗ್ ಕೇಳ್ದೆ. ಚಾವಟಿ ಏಟು ಬಿದ್ದಿದ್ದು ಯಾರಿಗೆ? ಮಾರೋರಿಗೆ. ನಾನೇನ್ ಮಾರ್ತೀನಿ? ಕೈ ಬೀಸ್ಕೊಂಡ್ ಬಂದಿದೀನಿ." ಅಪ್ಪ ಜೇಬುಗಳನ್ನು ಹೊರಗೆಳೆದು ತೋರಿಸಿದ. "ಮಾರೋನು ನೀನು."

"ನನ್ನ ವ್ಯಾನ್ ಮಾರಿದ್ ಯಾರೋ?"

"ಅದು ಒಂದ್ಸಲ. ನೀನು ದಿನಾ ಮಾರ್ತೀಯ. ನಾಳೆ ಭಾನುವಾರ ಬೆಳಿಗ್ಗೆನೂ ಮಾರ್ತೀಯ, ಹೌದೋ ಅಲ್ವೋ? ಎಲ್ಲಿ, ಆ ಹಗ್ಗ ಇಲ್ಲಿ ಕೊಡು."

ಮೊದಲು ನಕ್ಕವನು ಪಂಕ್ರಾತ್ಸಿ. ಆಮೇಲೆ ಮುದುಕಿಯರು. ಮೇಣದಬತ್ತಿ ಆರಿಸಿ ಬರುತ್ತಿದ್ದ ಇಗರ್ಜಿಯ ಮನುಷ್ಯ ಕೂಡ. ದೊಡ್ಡಪ್ಪ ಜೇಬಿನಲ್ಲಿ ಕೈ ಹಾಕಿ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡಿದ್ದು ನನಗೆ ಕಾಣುತ್ತಿತ್ತು. ಅವರ ಕುತ್ತಿಗೆ ಕೆಂಪಾಗಿತ್ತು. ದಿನವೂ ಬೇರೆಯವರಿಗೆ ಓದುತ್ತಿದ್ದದ್ದು ಒಮ್ಮೆ ತಮ್ಮ ಕಡೆಗೇ ತಿರುಗಿತ್ತು.

ನಾನು ಮೆಟ್ಟಿಲ ಕೆಳಗೆ ನಿಂತು ಕುತ್ತಿಗೆ ಮುರಿದ ನಿಕೋಲಾಸನನ್ನು ಹಿಡಿದುಕೊಂಡಿದ್ದೆ. ಈಗ ಅಪ್ಪ ಸೋತರೆ ಬಸ್ಸು ನಿಲ್ದಾಣ. ಮುಂದಿನ ಫೋನು ಡಿಸೆಂಬರಿಗೆ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ.

ಮಾತು ಬಂದದ್ದು ದೊಡ್ಡಮ್ಮನಿಂದ. "ಇಬ್ರೂ ವ್ಯಾಪಾರಿಗಳೇ. ಚಾವಟಿ ನನ್ನ ಕೈಗ್ ಕೊಟ್ರೆ ಇಬ್ರಿಗೂ ಹಂಚ್ತೀನಿ. ಒಲೆ ಮೇಲೆ ಸಾರು ಇಟ್ಟು ಬಂದಿದೀನಿ, ತಳ ಹಿಡಿಯುತ್ತೆ. ಉಣ್ಣೋರು ಬನ್ನಿ." ಎರಡು ಹೆಜ್ಜೆ ಹೋಗಿ ತಿರುಗಿದಳು. "ಪಂಕ್ರಾತ್ಸಿ, ನೀನಲ್ಲ."

ಮನೆಯಲ್ಲಿ ಅಪ್ಪ ಕೆಸರು ಬೂಟಿನಲ್ಲೇ ಒಳಗೆ ಎರಡು ಹೆಜ್ಜೆ ಇಟ್ಟ.

"ಏಯ್, ನೆಲ!" ಎಂದಳು ದೊಡ್ಡಮ್ಮ.

ಅವನು ಹಿಂದೆ ಹೋಗಿ, ಬೂಟು ಬಿಚ್ಚಿ, ನಾನಿಟ್ಟ ಚಪ್ಪಲಿ ಹಾಕಿಕೊಂಡ. ಸರಿಹೊಂದಿತು. "ನೋಡಿ, ಕಾಲಿಗೆ ಜೋಡೂ ಸಿಕ್ತು!" ಎಂದ. ಯಾರು ತೆಗೆದಿಟ್ಟರು ಎಂದು ಕೇಳಲಿಲ್ಲ. ದೊಡ್ಡಮ್ಮ ಮಾತ್ರ ನನ್ನ ಕಡೆ ನೋಡಿದಳು. ಅಪ್ಪ ಬಿಚ್ಚಿದ ಬೂಟುಗಳು ಬಾಗಿಲ ಕಡೆಗೆ ಮೂತಿ ಮಾಡಿ, ಹೊರಡಲು ಅನುಕೂಲವಾಗುವಂತೆ ನಿಂತಿದ್ದವು.

ದೊಡ್ಡಪ್ಪ ಒಳಗೆ ಹೋಗಿ, ಸ್ನಾನದ ಮೇಲೆ ಹಾಕಿಕೊಳ್ಳುವ ತಮ್ಮ ಕಂದು ನಿಲುವಂಗಿ ತಂದು ಅಪ್ಪನ ತೊಡೆಯ ಮೇಲೆ ಎಸೆದರು. "ತಗೋ. ಆಣೆ ಆಣೆನೇ. ಗಂಟೆಗೆ ಸ್ವಲ್ಪ ಆಚೀಚೆ ಆಗಿರ್ಬಹುದು."

"ಉಂಗುರ?"

"ಅದನ್ನ ಮಾರ್ತೀಯ."

"ಕರು?"

"ಮುಂದೆ ಇದೆ, ತಿನ್ನು," ಎಂದು ದೊಡ್ಡಮ್ಮ ಕೋಸು, ಅಣಬೆ ತುಂಬಿದ ಪಿಯೆರೋಗಿ ಕಡುಬುಗಳ ತಟ್ಟೆ ಇಟ್ಟಳು. ಮೇಲೆ ಹುರಿದ ಈರುಳ್ಳಿ, ಪಕ್ಕದಲ್ಲಿ ರೈ ಹಿಟ್ಟಿನ ಹುಳಿಸಾರು. ಅಪ್ಪ ಒಂದು ಕಡುಬು ಚುಚ್ಚಿ, ಒಳಗೆ ಇಣುಕಿ ನೋಡಿ, "ಕೊಬ್ಬಿದೆಯಪ್ಪಾ ಕರು, ಬಿಳೀ ಟೋಪಿ ಬೇರೆ," ಎಂದ. ದೊಡ್ಡಪ್ಪ ನಗಬಾರದೆಂದು ಮೀಸೆಯನ್ನು ಸಾರಿಗೆ ಅದ್ದಿದರು. ಹೆಗಲು ಮಾತ್ರ ಅಲುಗುತ್ತಿತ್ತು. ಅಪ್ಪ ಆ ಮನೆಯಲ್ಲಿ ಇಲ್ಲದಿದ್ದ ವರ್ಷಗಳಲ್ಲಿ ಆ ಹೆಗಲು ಹಾಗೆ ಅಲುಗಿದ್ದನ್ನು ನಾನು ನೋಡಿರಲಿಲ್ಲ.

ನಾನು ಎಲ್ಲರಿಗೂ ಬಡಿಸಿ ಅಪ್ಪನ ಎದುರು ಕೂತೆ. ಅವನು ಆಸ್ಟ್ರಿಯಾದ ಕತೆ ಹೇಳಿದ. ಹಿಮದ ಮೇಲೆ ಜಾರಾಡುವವರಿಗೆ ಬೂಟು ಕೊಡುವ ಕೆಲಸ, ಅದು ಬಿಟ್ಟು ಒಂದು ಹಂದಿ ಫಾರಮ್ಮಿನಲ್ಲಿ ಕೆಲಸ. "ನಿಜವಾಗ್ಲೂ ಹಂದಿನೇ?" ಎಂದು ದೊಡ್ಡಮ್ಮ ಚಮಚ ಕೆಳಗಿಟ್ಟಳು. "ಹಂದಿನೇ ಅತ್ತಿಗೆ. ಒಂದ್ ಸಾವಿರ ಹಂದಿ." ಈಗ ಅದೂ ಇಲ್ಲವಂತೆ. ಊರಿಂದೂರಿಗೆ ಸಾಮಾನು ಸಾಗಿಸುವ ಕೆಲಸಕ್ಕೆ ಅಲ್ಲಿ ಬೇಡಿಕೆ ಇದೆಯಂತೆ, ಗಾಡಿಯೊಂದಿದ್ದರೆ.

"ಸ್ವಲ್ಪ ದಿನ ಇರ್ತೀಯಾ?" ಎಂದರು ದೊಡ್ಡಪ್ಪ ತಟ್ಟೆ ನೋಡಿಕೊಂಡೇ.

"ಇರ್ತೀನಿ ಅಣ್ಣಾ. ನೀನು ಓಡಿಸ್ದೆ ಇದ್ರೆ. ಸೋಮವಾರದ್ದು ಏನು?"

"ಪ್ರವಾದಿಗೆ ಸ್ವಂತ ಊರಲ್ಲಿ ಮರ್ಯಾದೆ ಇಲ್ಲ ಅನ್ನೋದು. ಊರವರು ಅವನನ್ನ ಗುಡ್ಡದ ತುದಿಗೆ ತಳ್ಕೊಂಡ್ ಹೋಗಿ ಕೆಡವೋಕೆ ನೋಡ್ತಾರೆ. ನಮ್ಮೂರಲ್ಲಿ ಗುಡ್ಡ ಇಲ್ಲ. ಬಚಾವಾದೆ."

"ಮೊದಲನೇ ವಾಚನ ಬಿಟ್ರಲ್ಲ," ಎಂದಳು ದೊಡ್ಡಮ್ಮ. "ಕುಷ್ಠರೋಗಿ ನದೀಲಿ ಏಳು ಸಲ ಮುಳುಗಿ ಶುದ್ಧ ಆಗೋದು. ಲುದೆಕ್, ಸೋಮವಾರ ನೀನು ಏಳು ಸಲ ಸ್ನಾನ ಮಾಡು. ಸಿಗರೇಟ್ ವಾಸನೆ ಹೋಗ್ಲಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಲೆ ಬೆಚ್ಚಗಿತ್ತು. ಒಂದು ನಿಮಿಷ, ನಾನು ಡಿಸೆಂಬರಿನಿಂದ ಮನಸ್ಸಿನಲ್ಲಿ ಮಾಡಿಟ್ಟುಕೊಂಡಿದ್ದ ಚಿತ್ರವೇ ಮೇಜಿನ ಸುತ್ತ ಕೂತಿತ್ತು. ಮೇಲಿನ ಕೋಣೆಯ ಮಂಚಕ್ಕೆ ಹಾಸಲು ಹೊಸ ಹೊದಿಕೆಯನ್ನೂ ನಾನು ತೆಗೆದಿಟ್ಟಿದ್ದೆ.

ಅಪ್ಪ ಬ್ರೆಡ್ಡಿನ ತುಂಡಿನಿಂದ ತಟ್ಟೆಯ ಸಾರು ಒರೆಸಿಕೊಂಡ. ಕಿಟಕಿಯ ಕಡೆ ನೋಡಿದ. ಹೊರಗೆ ಅಂಗಳದ ದೀಪದಡಿ ಹೊಸ ವ್ಯಾನು ಹೊಳೆಯುತ್ತಿತ್ತು.

"ಚೆನ್ನಾಗಿದೆ. ಡೀಸೆಲ್ ಎಷ್ಟು ಕುಡಿಯುತ್ತೆ?"

"ಪರವಾಗಿಲ್ಲ," ಎಂದರು ದೊಡ್ಡಪ್ಪ.

"ಹಿಂದೆ ಎಷ್ಟು ಪೆಟ್ಟಿಗೆ ಹಿಡಿಯುತ್ತೆ?"

"ಹಿಡಿಯುತ್ತೆ."

ಅಪ್ಪ ಬ್ರೆಡ್ಡು ಅಗಿದು ನುಂಗಿದ. "ಮಂಗಳವಾರದ್ದು ಏನು ಅಣ್ಣಾ?" ಎಂದ, ಗೊತ್ತಿಲ್ಲದವನ ಹಾಗೆ.

ದೊಡ್ಡಮ್ಮನ ಕೈಯ ಸೌಟು ಪಾತ್ರೆಯಲ್ಲೇ ನಿಂತಿತು. ಮಂಗಳವಾರದ್ದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ನನ್ನ ಸಹೋದರ ತಪ್ಪು ಮಾಡಿದರೆ ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ ಎಂದು ಶಿಷ್ಯ ಪೇತ್ರ ಕೇಳುತ್ತಾನೆ. ಏಳಲ್ಲ, ಎಪ್ಪತ್ತೇಳು ಸಲ ಎನ್ನುತ್ತಾರೆ ಸ್ವಾಮಿ. ಡಿಸೆಂಬರಿನಲ್ಲಿ ಶೆಡ್ಡಿನ ಹಿಂದೆ ನಿಂತು ನಾನು ಅದನ್ನು ಫೋನಿನಲ್ಲಿ ಅಕ್ಷರ ಬಿಡದೆ ಹೇಳಿದ್ದೆ. "ಇನ್ನೊಂದ್ಸಲ ಹೇಳು," ಎಂದು ಅಪ್ಪ ಕೇಳಿದ್ದು ಆ ಒಂದು ದಿನದ್ದನ್ನು ಮಾತ್ರ. ನನ್ನ ದನಿ ಕೇಳಲು ಇಷ್ಟವಾಗಿ ಕೇಳುತ್ತಿದ್ದಾನೆ ಎಂದುಕೊಂಡಿದ್ದೆ.

ದೊಡ್ಡಪ್ಪ ಕಿಟಕಿಯಾಚೆ ವ್ಯಾನನ್ನು ನೋಡಿದರು. ಆಮೇಲೆ ತಮ್ಮನನ್ನು ನೋಡಿದರು. ಆಮೇಲೆ ಪುಟ್ಟ ಪುಸ್ತಕವನ್ನು ಕೈಯಿಂದ ಮೆಲ್ಲಗೆ ಮೇಜಿನ ಆಚೆ ಬದಿಗೆ ತಳ್ಳಿದರು, ಅದು ಅಷ್ಟು ದೂರ ಹೋದರೆ ಮಂಗಳವಾರವೂ ದೂರ ಹೋಗುತ್ತದೇನೋ ಎಂಬಂತೆ. ದೊಡ್ಡಮ್ಮ ನನ್ನ ಕಡೆ ತಿರುಗಲೇ ಇಲ್ಲ.

ಬಾಗಿಲ ಹತ್ತಿರ ಅಪ್ಪನ ಬೂಟುಗಳು ಹೊರಗೆ ಮುಖ ಮಾಡಿ ನಿಂತಿದ್ದವು. ಮಂಗಳವಾರದ ಆಚೆ ಅವನಿಗೆ ಇಲ್ಲಿ ಏನೂ ಇರಲಿಲ್ಲ. ಮಂಗಳವಾರದ ಆಚೆ ಇದ್ದದ್ದು ಯಾರಿಗೂ ಏನೂ ಕೊಡದ, ಬಂದವರು ಸುಮ್ಮನೆ ಬರುವ ಆ ಬುಧವಾರ.

ನನ್ನನ್ನು ಯಾರೂ ಕೇಳಿರಲಿಲ್ಲ. ಇವತ್ತು ಹೇಗೆ ನಡೆಸುತ್ತೀಯ ಎಂದು ಕೇಳುವ ಹೊತ್ತೂ ಅದಾಗಿರಲಿಲ್ಲ.

"ಬುಧವಾರನೂ ಇರು," ಎಂದೆ.

ಅಪ್ಪ ತಟ್ಟೆಯಲ್ಲಿ ಉಳಿದಿದ್ದ ಕೊನೆಯ ಕಡುಬನ್ನು ಚುಚ್ಚಿಕೊಂಡ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ, ಈ ಸಲ ಸ್ವಲ್ಪ ಜೋರಾಗಿ.

"ಅಪ್ಪಾ, ಬುಧವಾರನೂ ಇರು."